ಅರಳು ಹಾಕುವ ಕೈ

ಸಾಗರದ ಛತ್ರದಲ್ಲಿ ವೇದಾವತಿಯ ಮದುವೆ. ಹೋಮದ ಮುಂದೆ ಪುರೋಹಿತರು, "ಹುಡುಗಿಯ ಕೈಗೆ ಅರಳು ಹಾಕ್ಲಿಕ್ಕೆ ಅಣ್ಣನೋ ತಮ್ಮನೋ ಬರ್ಲಿ" ಎಂದು ಕರೆದಾಗ ಮೊರ ಹಿಡಿದು ಬಂದವನು ಚಿಕ್ಕಪ್ಪನ ಮಗ. ಅವಳ ಒಡಹುಟ್ಟಿದ ತಮ್ಮ ಸುಬ್ರಾಯ ನೆಂಟರ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಚಿಕ್ಕಂದಿನಲ್ಲೇ ಅಪ್ಪ ಅವನನ್ನು ತೀರ್ಥಹಳ್ಳಿಯ ಮಕ್ಕಳಿಲ್ಲದ ದಂಪತಿಗೆ ದತ್ತು ಕೊಟ್ಟಿದ್ದರು.

ವೇದಾವತಿ ಮುಷ್ಟಿ ಬಿಗಿದಳು. "ನನ್ನ ತಮ್ಮ ಅಲ್ಲಿದಾನೆ. ಅವನೇ ಹಾಕ್ಬೇಕು."

"ಹಠ ಮಾಡ್ಬೇಡ ಮಾರಾಯ್ತಿ," ಅಪ್ಪ ಹಲ್ಲು ಕಡಿದರು. "ದತ್ತು ಹೋದವನ ಗೋತ್ರ ಬೇರೆ. ಈಗವನು ನಮ್ಮನೆಯವನಲ್ಲ."

"ಕೊಟ್ಟವ್ರು ನೀವು. ನನ್ನ ಕೇಳಿದ್ರಾ? ಕತೆಯ ರಾಕ್ಷಸ ಹೊತ್ತೊಯ್ದ ಹಾಗೆ ತೀರ್ಥಹಳ್ಳಿ ಬಸ್ಸು ಅವನನ್ನ ಒಯ್ತು. ಕಿಟಕಿಯಲ್ಲಿ 'ಅಕ್ಕಾ' ಅಂತ ಕಿರುಚ್ತಿದ್ದ, ನೀವು ನನ್ನ ರಟ್ಟೆ ಹಿಡಿದು ನಿಲ್ಸಿದ್ರಿ! ಅವನ ಗೋತ್ರ ಬದಲಾದ್ರೆ ಅಕ್ಕನೂ ಬದಲಾಗ್ತಾಳಾ?"

"ಮುಹೂರ್ತ ಮೀರ್ತದೆ ತಂಗೀ," ಎಂದರು ಪುರೋಹಿತರು.

"ಬೆಂಕಿ ಆರಿದ್ರೂ ನಾ ಕೈ ಬಿಚ್ಚೋದಿಲ್ಲ."

ಸುಬ್ರಾಯನ ಸಾಕುತಾಯಿ ಸೀತಮ್ಮ ಅವನ ಬೆನ್ನು ತಳ್ಳಿದರು. "ಏಳೋ, ಅಕ್ಕ ಕರೀತಿದಾಳೆ."

ಅವನು ಬಂದು ಮೊರ ಕಿತ್ತುಕೊಂಡ. ವೇದಾವತಿ ಮುಷ್ಟಿ ಬಿಚ್ಚಿ ಬೊಗಸೆಯೊಡ್ಡಿದಳು. ತುಂಬಿದ ಕಣ್ಣಲ್ಲಿ ಅವನು ಹಾಕಿದ ಅರಳು ಅರ್ಧ ನೆಲಕ್ಕೇ ಚೆಲ್ಲಿತು.

"ಕಣ್ಣೊರೆಸ್ಕೊಂಡು ಸರಿಯಾಗಿ ಹಾಕೋ, ಕೋಡಂಗಿ," ಎಂದು ಅವಳು ಗದರಿದಳು.