ಗ್ಯಾಲರಿಯ ಕೆಳಗಿನವರು

“ಎಳೀರೋ ಬೋಳಿಮಕ್ಕಳಾ! ಬೆಳಗ್ಗೆ ತಿಂದ ಮುದ್ದೆ ಎಲ್ಲೋಯ್ತು? ಹೆಂಡ್ರ ಸೆರಗಲ್ಲಿ ಕಟ್ಟಿಟ್ಟು ಬಂದ್ರಾ?”

ಮೇಸ್ತ್ರಿ ನರಸಿಂಹಪ್ಪ ಛತ್ರಿ ಹಿಡಿದು ಕೂಗುತ್ತಿದ್ದ. ಕಲ್ಲಿನ ರೋಲರಿಗೆ ಕಟ್ಟಿದ ಹಗ್ಗವನ್ನು ಎದೆಗೆ ಹಾಕಿಕೊಂಡು ಬಯ್ಯಪ್ಪನೂ ಕೇರಿಯ ಗಂಡಸರೂ ಮುಂದಕ್ಕೆ ಬಾಗಿದ್ದರು. ಹಿಂದಿನಿಂದ ಬಯ್ಯಪ್ಪನ ಹೆಂಡತಿ ಗಂಗುಲಮ್ಮ ತಳ್ಳುತ್ತಿದ್ದಳು. ಎತ್ತುಗಳು ಹೊಂಗೆ ಮರದಡಿ ಮೆಲುಕು ಹಾಕುತ್ತಿದ್ದವು. ಗೊರಸು ಬಿದ್ದರೆ ಹೊಸ ಮಣ್ಣು ಕುಳಿ ಬೀಳುತ್ತದೆಂದು ಅವನ್ನು ಬಿಚ್ಚಿಸಿದ್ದರು. ಫುಟ್‌ಬಾಲ್ ಆಡುವ ನೆಲ ನುಣ್ಣಗಿರಬೇಕಂತೆ.

ತೆಂಕಣ ಅಂಚಿಗೆ ಬಂದು ಬಯ್ಯಪ್ಪ ನಿಂತ. ಮುಂದೆ ಲಂಟಾನ ಪೊದೆ. ಸಂದಿಯಲ್ಲಿ ಮಣ್ಣಿನ ದಿಬ್ಬಗಳು.

“ಯಾಕೋ ನಿಂತೆ?”

“ಇಲ್ಲಿಂದ ಆಚೆಗೆ ನಮ್ಮೋರವ್ರೆ ಮೇಸ್ತ್ರಿ.”

“ನಿಮ್ಮೋರು ಎದ್ದು ಬಂದು ಅಡ್ಡ ಮಲಗ್ತಾರೇನೋ? ಗ್ಯಾಲರಿ ಬರೋದೇ ಅಲ್ಲಿ. ಗೌಡ್ರು ಗೂಟ ಹೊಡ್ಸವ್ರೆ, ಕಾಣ್ಸಲ್ವಾ?”

ಆ ಮೈದಾನವೆಲ್ಲ ಒಂದು ಕಾಲಕ್ಕೆ ಕೇರಿಯ ಮಸಣ. ಐವತ್ತೆರಡರಲ್ಲಿ ವೆಂಕಟರಾಮಪ್ಪಗೌಡರು ತಮ್ಮ ತಂದೆಯ ಹೆಸರಲ್ಲಿ ಕಾಲೇಜು ಕಟ್ಟಿಸಿದಾಗ, ಹುಡುಗರಿಗೆ ಚೆಂಡಾಡಲು ಜಾಗ ಬೇಕೆಂದು ತಾವೇ ಕೇರಿಯವರೆಗೆ ಬಂದಿದ್ದರು. ಬಡಗಣ ಅರ್ಧ ಸಾಕು, ತೆಂಕಣ ಅರ್ಧವನ್ನು ಯಾರೂ ಮುಟ್ಟುವುದಿಲ್ಲ ಅಂದಿದ್ದರು. ಗೌಡರು ಬಂದದ್ದೇ ದೊಡ್ಡದೆಂದು ಹಿರಿಯರು ಕೈಮುಗಿದರು. ಬಡಗಣದ ಮುಳ್ಳು ಕಡಿದು, ಅಲ್ಲಿದ್ದ ಮೂಳೆಗಳನ್ನು ಬುಟ್ಟಿಯಲ್ಲಿ ಹೊತ್ತು ತಂದು ತೆಂಕಣದಲ್ಲಿ ಮತ್ತೆ ಹೂತವರಲ್ಲಿ ಬಯ್ಯಪ್ಪನೂ ಒಬ್ಬ. ಈಗ, ಅರವತ್ತಮೂರರಲ್ಲಿ, ಕೋಲಾರ, ಬೆಂಗಳೂರಿನ ಟೀಮುಗಳು ಬರತೊಡಗಿದ್ದವು. ಮಂತ್ರಿಗಳು ಬಂದು ಹೊಸ ಸ್ಟೇಡಿಯಂ ಉದ್ಘಾಟಿಸುವವರಿದ್ದರು. ದೊಡ್ಡವರ ಕಣ್ಣಿಗೆ ಬಿಸಿಲು ಹೊಡೆಯಬಾರದು. ಗ್ಯಾಲರಿ ತೆಂಕಣಕ್ಕೇ ಬರಬೇಕು.

ಬಯ್ಯಪ್ಪ ಗೌಡರ ಮನೆಯ ಮುಂದೆ ಬೀದಿಯಲ್ಲಿ ನಿಂತ. ಗೌಡರು ಜಗುಲಿಯ ಮೇಲೆ ಕ್ಷೌರ ಮಾಡಿಸಿಕೊಳ್ಳುತ್ತಿದ್ದರು.

“ಮಾತು ಕೊಟ್ಟಿದ್ರಿ ಗೌಡ್ರೇ.”

“ಯಾರಿಗೋ?”

“ನಮ್ಮಪ್ಪಂಗೆ.”

“ನಿಮ್ಮಪ್ಪ ಎಲ್ಲವ್ನೆ?”

“ಅಲ್ಲೇ ಅವ್ನೆ ಸ್ವಾಮಿ. ಲಂಟಾನದ ತಾವ.”

“ಹಂಗಾದ್ರೆ ಅವನೇ ಬಂದು ಕೇಳ್ಲಿ.”

ಜಗುಲಿಯಲ್ಲಿದ್ದವರು ನಕ್ಕರು. ಗೌಡರು ನಗಲಿಲ್ಲ. “ನಾಳೆ ಮೊದ್ಲು ಗುದ್ದಲಿ ಹಾಕೋನು ನೀನೇ. ಇನ್ಮೇಲೆ ಹೆಣ ಬಿದ್ರೆ ಕೆರೆ ಅಂಗಳದಾಗೆ ಹೂತ್ಕೊಳ್ರಿ. ಮಂತ್ರಿಗಳು, ಐನೋರು ಎಲ್ಲಾ ಕೂತ್ಕೊಳೋ ಜಾಗ ಅದು. ಅಲ್ಲಿ ನಿಮ್ಮ ಮಸಣ ಇತ್ತು ಅನ್ನೋ ಮಾತು ಯಾರ ಕಿವಿಗಾದ್ರೂ ಬಿದ್ರೆ, ನಿನ್ನ ನಾಲಿಗೆ ಇರಲ್ಲ.”

ಮಾರನೆಯ ದಿನ ಪಾಯ ತೆಗೆದರು. ಮೊದಲು ಬರೀ ಮಣ್ಣು. ಆಮೇಲೆ ಒಂದು ಬುರುಡೆ.

“ಏಮಿರಾ ನೋಡ್ತಾ ನಿಂತ್ರಿ? ಜಲ್ಲಿ ಜೊತೆಗೇ ಸುರೀರಿ!” ಅಂದ ಮೇಸ್ತ್ರಿ.

ಮಧ್ಯಾಹ್ನ ಗಂಗುಲಮ್ಮನ ಬುಟ್ಟಿಯ ಮಣ್ಣಲ್ಲಿ ಪುಟ್ಟ ಕರಿಬಳೆಯೊಂದು ಬಂತು. ಸಿಡುಬಿನಲ್ಲಿ ಹೋದ ಮಗಳು ಆದಿಲಕ್ಷ್ಮಿಗೆ ಅವಳೇ ತೊಡಿಸಿದ್ದು. ಅವಳು ಕೂತುಬಿಟ್ಟಳು. ಬೆರಳಿನಷ್ಟೂ ಉದ್ದವಿಲ್ಲದ ಮೂಳೆಗಳನ್ನು ಹೆಕ್ಕಿ ಹೆಕ್ಕಿ ಸೆರಗಿಗೆ ಹಾಕಿಕೊಂಡಳು. ಮೇಸ್ತ್ರಿ ಬಂದವನೇ ಸೆರಗು ಹಿಡಿದು ಎಳೆದ. ಮೂಳೆಗಳು ಪಾಯದೊಳಕ್ಕೆ ಚೆಲ್ಲಿದವು.

“ಕೂಲಿ ಹೊತ್ನಲ್ಲಿ ಆಟ ಆಡ್ತೀಯೇನೇ ಲೌಡಿ?”

ಬಯ್ಯಪ್ಪ ಗುದ್ದಲಿ ಎಸೆದು ಅವನ ಕತ್ತಿನ ಪಟ್ಟಿ ಹಿಡಿದ. “ಮಂತ್ರಿ ಬರ್ಲಿ ಕಣೋ ಸೂಳೆಮಗನೆ. ಯಾರ ಮ್ಯಾಲೆ ಕೂತವ್ನೆ ಅಂತ ಎಲ್ಲಾರ ಮುಂದೆ ಹೇಳ್ತೀನಿ.”

ಯಾರೂ ಅವನನ್ನು ಹೊಡೆಯಲಿಲ್ಲ. ಮೇಸ್ತ್ರಿ ಅಂಗಿ ಸರಿಮಾಡಿಕೊಂಡು ಸುಮ್ಮನೆ ಗೌಡರ ಮನೆಯ ಕಡೆ ನಡೆದ.

ಸಂಜೆ ಗೌಡರ ಆಳುಗಳಿಬ್ಬರು ಗುಡಿಸಲ ಮುಂದೆ ಬಂದು ನಿಂತರು. “ಗೌಡ್ರು ಕರೀತಾವ್ರೆ ಬಾರಯ್ಯ. ಮಾತಾಡ್ಬೇಕಂತೆ.”

“ಹೋಗ್ಬ್ಯಾಡ” ಅಂದಳು ಗಂಗುಲಮ್ಮ.

“ಹೋಗ್ದಿದ್ರೆ ಮನೆಗೇ ಬರ್ತಾರೆ. ನೀನು ಉಂಡು ಮಲಕ್ಕೋ.”

ಬೆಳಗ್ಗೆ ನಂದಿಯ ಕಡೆ ರೈಲು ಹಳಿಯ ಪಕ್ಕದಲ್ಲಿ ಹೆಣ ಸಿಕ್ಕಿತು. ಕುಡಿದು ರೈಲಿಗೆ ಬಿದ್ದ ಅಂದರು. ಬಯ್ಯಪ್ಪ ಕುಡಿಯುತ್ತಿರಲಿಲ್ಲ. ಎರಡೂ ಮಣಿಕಟ್ಟಿನ ಮೇಲೆ ಹಗ್ಗ ಒತ್ತಿದ ಗುರುತಿತ್ತು. ಗಂಗುಲಮ್ಮ ಅದನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಾಗ ಕೇರಿಯ ಹಿರಿಯ ಎರ್ರಪ್ಪ ಮೇಲೆ ಬಟ್ಟೆ ಎಳೆದ.

“ನೋಡಿದ್ದು ಸಾಕಮ್ಮ. ಕೇರಿ ತುಂಬ ಮಕ್ಕಳವ್ರೆ.”

ಕೆರೆ ಅಂಗಳದಲ್ಲಿ ಹೂತರು. ಮೊದಲ ಮಳೆಗೇ ಅಲ್ಲಿ ನೀರು ನಿಂತಿತು.

ಗಂಗುಲಮ್ಮ ಕೂಲಿ ಬಿಡಲಿಲ್ಲ. ಗ್ಯಾಲರಿಗೆ ಕಲ್ಲು ಹೊತ್ತಳು, ಗಾರೆ ಹೊತ್ತಳು. “ಮುಂಡೆಗೆ ಈಗ ಬುದ್ಧಿ ಬಂತು” ಎಂದು ಮೇಸ್ತ್ರಿ ಎಲ್ಲರೆದುರು ಹೇಳಿದ. ಅವಳು ಮುಂದಿನ ಬುಟ್ಟಿ ತಲೆಗೆತ್ತಿಕೊಂಡಳು.

ಉದ್ಘಾಟನೆಯ ದಿನ ಗ್ಯಾಲರಿ ತುಂಬಿತ್ತು. ನಡುವೆ ಮಂತ್ರಿಗಳು, ಒಂದು ಕಡೆ ಗೌಡರು, ಇನ್ನೊಂದು ಕಡೆ ಬೆಳಗ್ಗೆ ಪೂಜೆ ಮಾಡಿದ ಐನೋರು. ಕೇರಿಯವರು ಮುಳ್ಳುತಂತಿಯ ಆಚೆ ನಿಂತಿದ್ದರು. ಅರ್ಧ ಆಟ ಮುಗಿದ ಮೇಲೆ ಧೂಳಿಗೆ ನೀರು ಚಿಮುಕಿಸುವ ಹೆಂಗಸರನ್ನು ಒಳಕ್ಕೆ ಬಿಟ್ಟರು. ಗಂಗುಲಮ್ಮ ಕೊಡ ಹೊತ್ತು ನೇರವಾಗಿ ಗ್ಯಾಲರಿಯ ಮುಂದೆ ಬಂದು ನಿಂತಳು.

“ಸ್ವಾಮಿ, ನೀವು ಕೂತಿರೋದು ನಮ್ಮಾವ ಮುನಿಗಂಗಪ್ಪನ ಎದೆ ಮ್ಯಾಲೆ.”

ಯಾರಿಗೂ ಅರ್ಥವಾಗಲಿಲ್ಲ. ಕೆಲವರು ನಕ್ಕರು.

“ಐನೋರ ಕಾಲ ಕೆಳಗೆ ನಮ್ಮತ್ತೆ ಅವ್ಳೆ. ಮ್ಯಾಲಿನ ಸಾಲ್ನಾಗೆ ನಮ್ಮ ಓರಗಿತ್ತಿ, ಬಸುರಿ ಹೆಂಗ್ಸು, ಹೊಟ್ಟೇಲಿ ಕೂಸು ಇಟ್ಕೊಂಡೇ ಮಲಗವ್ಳೆ. ಗೌಡ್ರೇ, ನಿಮ್ಮ ಕುರ್ಚಿ ಕೆಳಗೆ ನನ್ನ ಮಗಳು. ಅವಳ ಮೂಳೆ ಮ್ಯಾಲೆ ಗಾರೆ ಸುರಿದೋಳು ನಾನೇ.”

ಐನೋರು ಚಂಗನೆ ಎದ್ದರು. “ಶಿವ ಶಿವಾ! ಹೊಲೇರ ಮಸಣವೇನ್ರೀ ಇದು?” ಪಂಚೆ ಎತ್ತಿಕಟ್ಟಿಕೊಂಡು ಮೆಟ್ಟಿಲಿಳಿದು ಓಡಿದರು. ಅವರ ಹಿಂದೆ ಇಡೀ ಸಾಲು ಎದ್ದಿತು, ಅದರ ಹಿಂದಿನ ಸಾಲೂ. ಹಾರಗಳು ಕಾಲಡಿ ಬಿದ್ದವು. ಮಂತ್ರಿಗಳು ಆ ಹೆಂಗಸನ್ನು ನೋಡಲಿಲ್ಲ, ತಮ್ಮ ಚಪ್ಪಲಿ ನೋಡಿಕೊಂಡರು. ಸತ್ತವರು ಯಾರೆಂದು ಯಾರೂ ಕೇಳಲಿಲ್ಲ.

“ಕೂತ್ಕೊಳ್ರಿ ಸ್ವಾಮಿ, ಇನ್ನೂ ಐತೆ! ನನ್ನ ಗಂಡ ಬಯ್ಯಪ್ಪ ಇಲ್ಲಿಲ್ಲ. ಅವನ ಕೈಗೆ ಹಗ್ಗ ಕಟ್ದೋರು ಯಾರು ಅಂತ ಗೌಡ್ರನ್ನ ಕೇಳ್ರಿ!”

ನರಸಿಂಹಪ್ಪ ಅವಳ ತುರುಬಿಗೆ ಕೈಹಾಕಿ ಕೆಡವಿದ. ಕೊಡ ಒಡೆಯಿತು. ಗ್ಯಾಲರಿಯ ಹಿಂದಿನಿಂದ ಆ ಇಬ್ಬರು ಆಳುಗಳು ಬಂದರು, ಕೈಯಲ್ಲಿ ದೊಣ್ಣೆ. ನೆಲಕ್ಕೆ ಒತ್ತಿದ ಬಾಯಿಂದ ಗಂಗುಲಮ್ಮ ಇನ್ನೂ ಸತ್ತವರ ಹೆಸರು ಹೇಳುತ್ತಲೇ ಇದ್ದಳು.

ಆಚೆ ಎರ್ರಪ್ಪ ಮುಳ್ಳುತಂತಿಯ ಕೆಳಗಿನ ಎಳೆಯನ್ನು ಕಾಲಿನಿಂದ ತುಳಿದ. ಮೇಲಿನ ಎಳೆಯನ್ನು ಬರಿಗೈಯಲ್ಲಿ ಹಿಡಿದು ಎತ್ತಿದ. ಮೊಣಕೈವರೆಗೆ ರಕ್ತ ಇಳಿಯಿತು. ಅವನು ಕೈ ಬಿಡಲಿಲ್ಲ. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಗ್ಗಿ ಒಳಗೆ ಬರತೊಡಗಿದರು.