ಇಸ್ತ್ರಿ ಕೋಣೆಯ ಬಾಯಾರಿಕೆ

ಬಟ್ಟೆ ಕಾರ್ಖಾನೆಯ ಇಸ್ತ್ರಿ ಕೋಣೆಯಲ್ಲಿ ಹಬೆ ಮೋಡದ ಹಾಗೆ ನಿಂತಿರುತ್ತದೆ. ಒಳಗಿನ ಹೆಂಗಸರು ನೆಲ ಮುಟ್ಟದೆ ತೇಲುವಂತೆ ಕಾಣುತ್ತಾರೆ. ಆ ಮೋಡದ ನಡುವೆ ನಿಂತ ದೊಡ್ಡಕ್ಕನಿಗೆ ಈ ತಿಂಗಳಲ್ಲಿ ಎರಡನೇ ಸಲ ಉರಿಮೂತ್ರ, ಚಳಿಜ್ವರ. ಇನ್ನೊಂದು ರಜೆ ಹಾಕಿದರೆ ಕೆಲಸವೇ ಹೋಗುತ್ತದೆ.

ಊಟದ ಬಿಡುವಿಗೆ ಆರೋಗ್ಯದ ತಿಳಿವಳಿಕೆ ಹೇಳಲು ನರ್ಸಿಂಗ್ ವಿದ್ಯಾರ್ಥಿನಿಯರು ಬಂದರು, ಜೊತೆಗೆ ಅವರಿಗೆ ಪಾಠ ಹೇಳುವ ಮೇಡಂ. ಒಬ್ಬ ಹುಡುಗಿ ಚಾರ್ಟ್ ಬಿಚ್ಚಿ ಒಂದೇ ಉಸಿರಿಗೆ ಒಪ್ಪಿಸಿದಳು: "ದಿನಕ್ಕೆ ಎಂಟು ಲೋಟ ನೀರು ಕುಡೀಬೇಕು. ಮೂತ್ರ ತಡೀಬಾರದು." ಹಾಳೆಯಲ್ಲಿ 'ತಿಳಿವಳಿಕೆ ನೀಡಲಾಗಿದೆ' ಎಂಬಲ್ಲಿ ಗುರುತು ಹಾಕಿದಳು.

ದೊಡ್ಡಕ್ಕ ನಕ್ಕಳು. "ಒಳಗೆ ಹೋಗೋ ದಾರಿ ಹೇಳಿದೆ ಪುಟ್ಟಿ. ಹೊರಗೆ ಬರೋ ದಾರಿ?"

ಎಲ್ಲರೂ ಗೊಳ್ಳೆಂದರು. ಹುಡುಗಿಯ ಮುಖ ಕೆಂಪಾಯಿತು. "ಇವರಿಗೆ ಹೇಳಿ ಏನು ಪ್ರಯೋಜನ ಮೇಡಂ? ನಗ್ತಾರೆ."

"ಹೇಳಿದ್ದು ಸಾಕು ಕಣೇ. ಹಾಳೆ ಮಡಚಿಟ್ಟು ಅವರ ಪಕ್ಕ ಕೂತ್ಕೋ. ಏನು ಕಷ್ಟ ಅಂತ ವಿಚಾರಿಸು."

ಹುಡುಗಿ ಬಟ್ಟೆಯ ಗಂಟಿನ ಮೇಲೆ ಕೂತಳು. "ಅಕ್ಕಾ, ಬೆಳಗ್ಗಿಂದ ಎಷ್ಟು ನೀರು ಕುಡಿದ್ರಿ?"

"ಒಂದು ಗುಟುಕು. ಶೌಚಾಲಯದ ಬೀಗದ ಕೈ ಮೇಲ್ವಿಚಾರಕನ ಮೇಜಿನ ಮೇಲಿರುತ್ತೆ. ಅಷ್ಟು ಗಂಡಸರ ಮುಂದೆ ಕೈಚಾಚಬೇಕು. 'ಈಗ ತಾನೇ ಹೋಗಿದ್ದೆಯಲ್ಲ' ಅಂತಾನೆ. ಅದಕ್ಕಿಂತ ಗಂಟಲು ಒಣಗಿಸ್ಕೊಳ್ಳೋದೇ ವಾಸಿ."

ಈ ಹೆಂಗಸರು ವರ್ಷಗಟ್ಟಲೆ ಕುಡಿಯದೆ ಬಿಟ್ಟ ನೀರೇ ಹಬೆಯಾಗಿ ಎದ್ದು ತೇಲುತ್ತಿದೆಯೇನೋ ಎಂದು ಹುಡುಗಿಗೆ ಅನ್ನಿಸಿತು.

"ಆರೋಗ್ಯ ವರ್ಧನೆ ಅಂತ ಓದಿದ್ರಲ್ಲ, ಅದು ಇಲ್ಲಿಂದ ಶುರು," ಎಂದರು ಮೇಡಂ ವಿದ್ಯಾರ್ಥಿನಿಯರಿಗೆ.

"ನೀವೇ ಹೇಳಿ ಬೀಗ ತೆಗೆಸಿಬಿಡಿ ತಾಯಿ," ಎಂದಳು ದೊಡ್ಡಕ್ಕ.

"ನಾಳೆ ನಾನು ಬರಲ್ಲ, ಮತ್ತೆ ಹಾಕ್ತಾನೆ. ನೀವು ಕೇಳಿ, ನಾವು ಪಕ್ಕದಲ್ಲಿರ್ತೀವಿ."

"ಒಬ್ಬಳೇ ಕೇಳಿದ್ರೆ ಬಾಯಿಬಡುಕಿ ಅಂತಾರೆ."

"ಎಲ್ಲರೂ ಕೇಳಿದ್ರೆ?"

"ಆಗ ಉರಿ ಅವನಿಗೆ ಶುರುವಾಗುತ್ತೆ!"

ಹನ್ನೊಂದು ಹೆಂಗಸರು ಮೇಲ್ವಿಚಾರಕನ ಮೇಜಿನ ಮುಂದೆ ನಿಂತರು. ಅವರಲ್ಲಿ ಏಳು ಮಂದಿಗೆ ಇದೇ ಕಾಯಿಲೆ ಎಂದು ಹುಡುಗಿ ಒಬ್ಬೊಬ್ಬರನ್ನೇ ಕೇಳಿ ತಿಳಿದು ಅವನಿಗೆ ಬರೆದುಕೊಟ್ಟಳು. ಮೇಲ್ವಿಚಾರಕ ಗೊಣಗಿದ, ಗದರಿದ. ಯಾರೂ ಕದಲಲಿಲ್ಲ. ಕೊನೆಗೆ ಶೌಚಾಲಯದ ಬೀಗ ಕಳಚಿದ. ದೊಡ್ಡಕ್ಕ ಅಲ್ಲೇ ನಿಂತು ಒಂದು ಚೊಂಬು ನೀರು ಗಟಗಟನೆ ಕುಡಿದಳು. ಕೆಲಸ ಬಿಟ್ಟ ಮೇಲೆ ಆಸ್ಪತ್ರೆಗೂ ಹೋಗಿಬಂದಳು.

ನರ್ಸ್ ಆಗಲು ಹೊರಟ ತಂಗಿ ತಮ್ಮಂದಿರೇ, ಬುದ್ಧಿ ಹೇಳುವ ಮೊದಲು ಜನರ ಪಕ್ಕ ಕೂತು ವಿಚಾರಿಸಿ. ಅವರು ದುಡಿಯುವ ಜಾಗ ನೋಡಿ. ದುಡಿಯುವ ಅಕ್ಕಂದಿರೇ, ಉರಿ, ಜ್ವರ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮೂತ್ರ ತಡೆದುಕೊಳ್ಳುವುದು ಯಾವ ಕೆಲಸದ ಷರತ್ತೂ ಅಲ್ಲ. ಬೀಗ ಹಾಕಿದ ಬಾಗಿಲ ಮುಂದೆ ಒಬ್ಬೊಬ್ಬರೇ ನಿಲ್ಲಬೇಡಿ.