ಹತ್ತಿರವೇ ಇದ್ದ ಆಫೀಸು

ಕೈಯಲ್ಲಿ ಫೋನ್ ಇರುತ್ತದೆ. ಫೋನಿನಲ್ಲಿ ವಕೀಲರ ಹೆಸರೂ ಸಿಗುತ್ತದೆ. ಆದರೆ ಯಾರಿಗೆ ಕರೆ ಮಾಡಬೇಕು, ಎಲ್ಲಿಗೆ ಹೋಗಬೇಕು ಎಂಬುದು ಮಾತ್ರ ಸಿಗುವುದಿಲ್ಲ. ಕಷ್ಟಕ್ಕೆ ಸಿಕ್ಕಿದ ಜೀವ ಪರದೆಯನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತಾ ಕೂರುತ್ತದೆ. ಎಷ್ಟೋ ಮನೆಗಳ ಪಾಡು ಇದು.

ಕೊಚ್ಚಿಯ ಹೈಕೋರ್ಟಿನ ಹಿಂದಿನ ಬೀದಿಯಲ್ಲಿ ದಿನಕರ ವಕೀಲರ ಆಫೀಸು. ಅವರ ಹುಟ್ಟೂರು ಕಾಸರಗೋಡಿನ ಕಡೆ. ಆ ಗುರುವಾರ ಬೆಳಿಗ್ಗೆ ಅವರೆದುರು ನಿಹಾರಿಕಾ ಕುಳಿತಿದ್ದಳು. ಮೈಸೂರಿನ ಹುಡುಗಿ, ಕೊಚ್ಚಿಯದೇ ಕಾಕ್ಕನಾಡಿನ ಕಂಪನಿಯಲ್ಲಿ ವೆಬ್‌ಸೈಟ್ ಮಾಡುವ ಕೆಲಸ. ಈ ಆಫೀಸಿನ ಸೈಟಿಗೆ ಹೊಸ ರೂಪ ಕೊಡಬೇಕಿತ್ತು. ಮಾತು ಕಡಿಮೆಯ ಅವಳು ಹೇಳಬೇಕಾದ್ದನ್ನು ಬಸ್ಸಿನಲ್ಲೇ ಮನಸ್ಸಿನಲ್ಲಿ ಉರು ಹಾಕಿಕೊಂಡು ಬಂದಿದ್ದಳು.

"ಸರ್, ಅಂದಚಂದ ಆಮೇಲೆ ನೋಡೋಣ. ಮೊದಲು ಜೋಡಣೆ ಸರಿ ಮಾಡ್ಬೇಕು. ಬಂದವರಿಗೆ ದಾರಿನೇ ಗೊತ್ತಾಗಲ್ಲ."

"ದಾರಿ ಎಂತಕ್ಕೆ? ಇದು ವಕೀಲರ ಸೈಟು ಮಾರಾಯ್ತಿ, ಕಾಡಲ್ಲ," ದಿನಕರರು ನಕ್ಕರು. "ನಮ್ಮಲ್ಲಿಗೆ ಬರುವವರು ಅವರಿವರನ್ನು ಕೇಳಿ ಬರ್ತಾರೆ. ಸೈಟು ನೋಡಿ ಬರುವವರು ಯಾರುಂಟು? ನೀನು ನನ್ನ ಫೋಟೋ ಒಂದು ದೊಡ್ಡದು ಮಾಡು. ಬೋಳು ಕಾಣ್ಬಾರ್ದು, ಅಷ್ಟೆ."

"ಸೈಟು ತೆಗೆದ ತಕ್ಷಣ ಇಷ್ಟುದ್ದ ಇಂಗ್ಲಿಷ್ ಬರತ್ತೆ ಸರ್. ಒಪ್ಪುತ್ತೇನೆ, ಒಪ್ಪುವುದಿಲ್ಲ ಅಂತ ಎರಡು ಬಟನ್."

"ವಕೀಲರು ಜಾಹೀರಾತು ಕೊಡುವ ಹಾಗಿಲ್ಲ. ನಾವು ಕರೆದದ್ದಲ್ಲ, ನೀವಾಗಿಯೇ ಬಂದದ್ದು ಅಂತ ಅವರ ಬಾಯಲ್ಲೇ ಹೇಳಿಸುದು. ಎಲ್ಲ ಆಫೀಸಿನಲ್ಲೂ ಉಂಟು."

"ಒಪ್ಪಲ್ಲ ಅಂತ ಒತ್ತಿದ್ರೆ ಆಚೆ ಹಾಕತ್ತೆ ಸರ್."

"ಒಪ್ಪದವನಿಗೆ ಒಳಗೆ ಎಂತ ಕೆಲಸ?"

ನಿಹಾರಿಕಾ ಬಸ್ಸಿನಲ್ಲಿ ಕಲಿತುಕೊಂಡು ಬಂದ ಮಾತು ಅಷ್ಟಕ್ಕೇ ಮುಗಿದಿತ್ತು.

ಅಷ್ಟರಲ್ಲಿ ಸ್ವಾಗತದ ಮೇಜಿನ ಹುಡುಗಿ ಬಾಗಿಲು ತೆರೆದು, ತಿರುವನಂತಪುರದಿಂದ ಒಬ್ಬರು ಅಕ್ಕ ಬಂದಿದ್ದಾರೆ, ನಿಂತಲ್ಲಿ ನಿಲ್ಲುತ್ತಿಲ್ಲ ಎಂದಳು. ಅವಳ ಹಿಂದೆಯೇ ಒಬ್ಬಾಕೆ ಒಳಗೆ ಬಂದರು. ಕೈಯಲ್ಲಿ ಶಾಲೆಯ ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳ ಫೋಟೋ.

"ನನ್ನ ಹೆಸರು ಕಮಲಾಕ್ಷಿ. ನೀವು ನಮ್ಮ ಊರ ಕಡೆಯವರು ಅಂತ ಅಮ್ಮ ಹೇಳಿದ್ರು. ಇದು ನನ್ನ ಮಗಳು, ಅನ್ವಿತಾ. ಅವಳ ಅಪ್ಪ ನನ್ನನ್ನು ಕೇಳದೆ ಅವಳನ್ನು ಶಾರ್ಜಾಕ್ಕೆ ಕರ್ಕೊಂಡು ಹೋಗ್ತಿದ್ದಾರೆ. ಇನ್ನು ಕಳಿಸುದಿಲ್ಲವಂತೆ. ಇವತ್ತು ಮಧ್ಯಾಹ್ನದ ವಿಮಾನ. ನಿಲ್ಲಿಸ್ಲಿಕ್ಕೆ ಆಗ್ತದಾ ಸರ್?"

"ವಿಮಾನ ಎಲ್ಲಿಂದ?"

"ತಿರುವನಂತಪುರದಿಂದ್ಲೇ."

"ನಿಮ್ಮ ಮನೆ?"

"ಅಲ್ಲೇ, ಪೇಟ್ಟದಲ್ಲಿ."

ದಿನಕರರು ಕುರ್ಚಿಯಿಂದ ಎದ್ದರು. "ಪೇಟ್ಟದ ಪಕ್ಕ ವಂಚಿಯೂರಿನಲ್ಲಿ ನಮ್ಮದೇ ಆಫೀಸು ಉಂಟಲ್ಲ ತಂಗೀ! ಕೋರ್ಟಿನ ಎದುರೇ. ನಡ್ಕೊಂಡು ಹೋಗ್ಬಹುದಿತ್ತು. ಇಷ್ಟು ದೂರ ಎಂತಕ್ಕೆ ಬಂದದ್ದು?"

"ಸೈಟಲ್ಲಿ ಇದೊಂದೇ ವಿಳಾಸ ಇದ್ದದ್ದು."

"ಒಂದು ಫೋನಾದ್ರೂ ಮಾಡ್ಬಹುದಿತ್ತಲ್ಲ?"

"ನಂಬರು ಫೋಟೋದ ಒಳಗೆ ಸಣ್ಣಕ್ಕೆ ಇತ್ತು. ಓದುವಷ್ಟರಲ್ಲಿ ಆ ಫೋಟೋ ಸರಿದು ಬೇರೆ ಬರ್ತಿತ್ತು." ಕಮಲಾಕ್ಷಿ ಸೆರಗಿನಿಂದ ಮುಖ ಒರೆಸಿಕೊಂಡರು. "ಸೋಮವಾರವೇ ತೆಗೆದು ನೋಡಿದ್ದೆ. ಒಪ್ಪುತ್ತೀರಾ ಅಂತ ಕೇಳಿತು. ಮಗಳ ಪಾಸ್‌ಪೋರ್ಟಿಗೆ ಅವಳ ಅಪ್ಪ ಸಹಿ ಹಾಕು ಅಂದಾಗ ನಾನು ಓದದೆ ಒಪ್ಪಿದ್ದೆ. ಅದಕ್ಕೆ ಈ ಸಲ ಒಪ್ಪುವುದಿಲ್ಲ ಒತ್ತಿದೆ. ಸೈಟೇ ಮುಚ್ಚಿ ಹೋಯ್ತು. ನನ್ನಂಥವರ ಕೇಸು ನಿಮಗೆ ಬೇಡ ಅಂತ ಗ್ರಹಿಸಿದೆ. ನಿನ್ನೆ ಮನಸ್ಸು ತಡೆಯದೆ ಇನ್ನೊಮ್ಮೆ ತೆಗೆದು, ಕಣ್ಣು ಮುಚ್ಚಿ ಒಪ್ಪಿದೆ."

ದಿನಕರರು ವಂಚಿಯೂರಿಗೆ ಫೋನ್ ಮಾಡಿದರು. ಅಲ್ಲಿನ ಕಿರಿಯ ವಕೀಲ ಕೃಷ್ಣಮೂರ್ತಿ ಕುಟುಂಬ ನ್ಯಾಯಾಲಯಕ್ಕೆ ಓಡಲು ಸಿದ್ಧನಿದ್ದ. ಆದರೆ ವಕೀಲರನ್ನು ನೇಮಿಸುವ ವಕಾಲತ್ತು ಪತ್ರಕ್ಕೆ ತಾಯಿಯ ಸಹಿ ಬೇಕು. ತಾಯಿ ಇಲ್ಲಿ, ಕೋರ್ಟು ಅಲ್ಲಿ, ನಡುವೆ ನಾಲ್ಕೈದು ಗಂಟೆಯ ದಾರಿ. ಇಲ್ಲಿ ಸಹಿ ಹಾಕಿಸಿ ಅದರ ಚಿತ್ರವನ್ನು ಫೋನಿನಲ್ಲೇ ಕಳಿಸಿದರು. ಕೋರ್ಟಿನವರು ಒಪ್ಪಿಕೊಳ್ಳುತ್ತಾರೋ ಇಲ್ಲವೋ, ಹೋಗಿ ಕೇಳು ಎಂದರು. ಅವನು ಕೇಳಿಕೊಂಡು ನಿಲ್ಲುವ ಹೊತ್ತಿಗೆ ನ್ಯಾಯಾಧೀಶರು ಊಟಕ್ಕೆ ಎದ್ದಿದ್ದರು.

ಕಾಯುತ್ತಿದ್ದಾಗ ನಿಹಾರಿಕಾ ಸೈಟಿನಲ್ಲಿ ವಂಚಿಯೂರನ್ನು ಹುಡುಕಿದಳು. 'ನಮ್ಮ ಬಗ್ಗೆ' ಒಳಗೆ 'ನಡೆದು ಬಂದ ದಾರಿ'. ಅದರ ಕಟ್ಟಕಡೆಗೆ ಒಂದು ಚಿತ್ರ: ದಿನಕರರು ದೀಪ ಹಚ್ಚುತ್ತಿದ್ದಾರೆ, ಕೆಳಗೆ 'ವಂಚಿಯೂರು ಶಾಖೆಯ ಉದ್ಘಾಟನೆ'. ಅವಳು ಫೋನನ್ನು ದಿನಕರರ ಮುಂದೆ ಇಟ್ಟಳು. ಅವರು ನೋಡಿದರು. ನಗಲಿಲ್ಲ.

ಕಮಲಾಕ್ಷಿ ಗಂಡನ ನಂಬರಿಗೆ ಕರೆ ಮಾಡುತ್ತಲೇ ಇದ್ದರು. ಕೊನೆಗೆ, ವಿಮಾನ ಹೊರಡುವ ಹೊತ್ತಿಗೆ, ಫೋನ್ ಸ್ವಿಚ್ ಆಫ್ ಎಂದಿತು. ಅವರು ಮಗಳ ಫೋಟೋವನ್ನು ನಿಧಾನವಾಗಿ ಚೀಲದೊಳಗೆ ಇಟ್ಟುಕೊಂಡರು.

ಮುಂದಿನ ವಾರ ದಿನಕರರೇ ನಿಹಾರಿಕಾಳನ್ನು ಹುಡುಕಿಕೊಂಡು ಕಾಕ್ಕನಾಡಿಗೆ ಬಂದರು.

"ಆ ದಿನ ನೀನು ಎಂತದೋ ಹೇಳ್ಲಿಕ್ಕೆ ಹೊರಟದ್ದು. ಈಗ ಹೇಳು. ನಾನು ನಡುವೆ ಬಾಯಿ ಹಾಕುದಿಲ್ಲ."

ನಿಹಾರಿಕಾ ಈ ಸಲ ಪೂರ್ತಿ ಹೇಳಿದಳು. "ಸರ್, ಬರೋರು ಹೆದರಿಕೊಂಡಿರ್ತಾರೆ. ಕಾನೂನಿನ ಪದ ಅವರಿಗೆ ಗೊತ್ತಿರಲ್ಲ. ಮೊದಲ ಪುಟದಲ್ಲೇ ಅವರ ಮಾತಲ್ಲಿ ಕೇಳ್ಬೇಕು: ಮಕ್ಕಳ ವಿಷಯವಾ, ಮನೆ-ಜಾಗವಾ, ಕೆಲಸದಲ್ಲಿ ಏಟಾಯ್ತಾ, ಪೊಲೀಸರು ಕರೆದ್ರಾ ಅಂತ. ಮಲಯಾಳಂ, ಕನ್ನಡ, ಇಂಗ್ಲಿಷ್ ಮೂರರಲ್ಲೂ. ಎರಡೂ ಆಫೀಸು ಅಕ್ಕಪಕ್ಕ ಕಾಣ್ಬೇಕು. ನಂಬರ್ ಮುಟ್ಟಿದ್ರೆ ಕರೆ ಹೋಗ್ಬೇಕು."

"ಆ ಒಪ್ಪಿಗೆಯ ಕಿಟಕಿ? ಅದು ಇರ್ಲೇಬೇಕು."

"ಇರ್ಲಿ. ನಾಲ್ಕು ಸಾಲಲ್ಲಿ, ಅರ್ಥ ಆಗೋ ಹಾಗೆ. ಇದು ಜಾಹೀರಾತಲ್ಲ, ಇದನ್ನ ಒತ್ತಿದ್ರೆ ನೀವು ಯಾವುದಕ್ಕೂ ಸಹಿ ಹಾಕಿದ ಹಾಗಲ್ಲ ಅಂತ. ಒಪ್ಪದವರಿಗೂ ಉಚಿತ ಕಾನೂನು ನೆರವಿನ ನಂಬರ್ ಕಾಣಿಸೋಣ."

"ನನ್ನ ಫೋಟೋ?"

"ಕೊನೇಲಿ ಸರ್. ಚಿಕ್ಕದು."

"ಆಗ್ಲಿ," ಎಂದರು ದಿನಕರರು. "ಆ ದೀಪದ ಚಿತ್ರ ತೆಗೆದುಬಿಡು."

ಹೊಸ ಸೈಟು ತಯಾರಾದ ಮೇಲೆ ಮೊದಲು ಯಾರಿಗೆ ತೋರಿಸುವುದು ಎಂಬ ಮಾತು ಬಂತು. ನಿಹಾರಿಕಾ ಒಂದೇ ಹೆಸರು ಹೇಳಿದಳು. ವಂಚಿಯೂರಿನ ಆಫೀಸಿನಲ್ಲಿ ಕಮಲಾಕ್ಷಿಯ ಕೈಗೆ ಫೋನ್ ಕೊಟ್ಟು, ನಿಹಾರಿಕಾಳೂ ದಿನಕರರೂ ಪಕ್ಕದಲ್ಲಿ ನಿಂತರು. ಯಾರೂ ಏನೂ ಹೇಳಿಕೊಡಲಿಲ್ಲ. ಕಮಲಾಕ್ಷಿ 'ಮಕ್ಕಳ ವಿಷಯ' ಎಂಬುದನ್ನು ಮುಟ್ಟಿದರು. ವಂಚಿಯೂರಿನ ವಿಳಾಸ ಬಂತು. ನಂಬರನ್ನು ಮುಟ್ಟಿದರು. ಎದುರಿನ ಮೇಜಿನ ಮೇಲೆ ಫೋನ್ ರಿಂಗಾಯಿತು.

"ಇಷ್ಟೇಯಾ?" ಎಂದರು ಅವರು.

ದಿನಕರರು ಕಿಟಕಿಯ ಕಡೆ ತಿರುಗಿ ನಿಂತರು.

ಕಮಲಾಕ್ಷಿಯ ಕೇಸು ಈಗ ನಡೆಯುತ್ತಿದೆ. ಅದು ನಡೆಯುವುದು ನಿಧಾನ. ರಜೆಯ ದಿನ ಶಾರ್ಜಾದಿಂದ ಅನ್ವಿತಾ ಫೋನಿನ ಪರದೆಗೆ ಬರುತ್ತಾಳೆ. ಅಮ್ಮ ಕನ್ನಡದಲ್ಲಿ ಕೇಳಿದರೆ ಮೊದಲೆಲ್ಲ ಮಲಯಾಳಂನಲ್ಲಿ ಉತ್ತರ ಕೊಡುತ್ತಿದ್ದಳು. ಈಗ ಇಂಗ್ಲಿಷಿನಲ್ಲಿ ಎರಡು ಮಾತಾಡಿ ಓಡಿಹೋಗುತ್ತಾಳೆ.

ವಕೀಲರೇ, ಸೈಟು ಮಾಡುವ ಗೆಳೆಯರೇ, ಇವತ್ತೇ ನಿಮ್ಮ ಸೈಟನ್ನು ನಿಮ್ಮ ಮನೆಯ ಹಿರಿಯರೊಬ್ಬರ ಕೈಗೆ ಕೊಡಿ. ಹತ್ತಿರದ ಆಫೀಸು ಯಾವುದು, ಯಾರಿಗೆ ಕರೆ ಮಾಡಬೇಕು ಎಂದು ಅವರೇ ಹುಡುಕಲಿ. ಅವರು ತಡವರಿಸಿದ ಜಾಗವನ್ನು ಸರಿ ಮಾಡಿ. ನಿಮ್ಮ ಚಿತ್ರ ಆಮೇಲೆ ಬರಲಿ. ಓದುವ ಅಕ್ಕತಂಗಿಯರೇ, ಸೈಟು ಮುಚ್ಚಿಹೋದರೆ ನಿಮ್ಮನ್ನು ಬೇಡವೆಂದರು ಎಂದುಕೊಳ್ಳಬೇಡಿ. 15100ಕ್ಕೆ ಕರೆ ಮಾಡಿ. ಹೆಂಗಸರಿಗೂ ಮಕ್ಕಳಿಗೂ ಕಾನೂನಿನ ನೆರವು ಉಚಿತ. ಈ ಹೊತ್ತಿನಲ್ಲೂ ಯಾರೋ ತಾಯಿ ಬಸ್ಸಿನಲ್ಲೋ ರೈಲಿನಲ್ಲೋ ಕುಳಿತು ಒಂದು ವಿಳಾಸ ಹುಡುಕುತ್ತಿರಬಹುದು. ಅದು ಅವಳ ಮನೆಯ ಪಕ್ಕದಲ್ಲೇ ಇದ್ದರೆ, ಅವಳು ಹೊರಡುವ ಮುಂಚೆ ತಿಳಿಯುವ ಹಾಗೆ ಮಾಡಿ.